‘ಫ್ರಮ್’ ಎಂಬ ಪದಕ್ಕೆ ಅರ್ಧ ಗಂಟೆ

ಮಲ್ಲಪ್ಪ ಬಿದ್ದ ನಾಲ್ಕನೇ ದಿನ ನಾವು ಐದು ಜನ ಎ.ಸಿ. ಕೋಣೆಯಲ್ಲಿ ಕೂತು ವಾದಕ್ಕಿಳಿದೆವು. ಯಾವುದಕ್ಕೆ ಅಂತೀರಿ? ‘ಫ್ರಮ್’ ಎಂಬ ಇಂಗ್ಲಿಷ್ ಪದದ ಎಫ್ ಕ್ಯಾಪಿಟಲ್ಲೋ, ಸ್ಮಾಲೋ ಎಂಬುದಕ್ಕೆ!

ಮಲ್ಲಪ್ಪ ಸಿಂದಗಿ ಕಡೆಯವರು. ಗುಜರಾತಿನ ಹಜೀರಾದ ನಮ್ಮ ಕಾರ್ಖಾನೆಯಲ್ಲಿ ಗುತ್ತಿಗೆ ಪೇಂಟರ್. ಕ್ಯಾಂಟೀನಿನಲ್ಲಿ ಸಿಕ್ಕಾಗಲೆಲ್ಲ ನನ್ನ ಜೊತೆ ಬಾಯ್ತುಂಬ ಕನ್ನಡ ಮಾತಾಡುತ್ತಿದ್ದರು. (ಮನೆಯಲ್ಲಿ ನನ್ನ ಮಗಳೇ ಆಡುವುದಿಲ್ಲ.) ಅವತ್ತು ಪೈಪಿಗೆ ಬಣ್ಣ ಹೊಡೆಯಲು ಹತ್ತಿದ್ದ ಅಟ್ಟಣಿಗೆಗೆ ಒಂದು ಬದಿ ರೇಲಿಂಗೇ ಇರಲಿಲ್ಲ. ಹಿಂದಕ್ಕೊಂದು ಹೆಜ್ಜೆ ಇಟ್ಟರು, ಅಷ್ಟೇ. ಎರಡೂ ಹಿಮ್ಮಡಿಯ ಮೂಳೆ ಪುಡಿ.

ವರದಿ ಬರೆಯುವ ಕೆಲಸ ನನ್ನದು. ತಲೆಬರಹ ಹೀಗಿಟ್ಟೆ: ‘ಫಾಲ್ ಫ್ರಮ್ ಹೈಟ್ ಡ್ಯೂ ಟು ಮಿಸ್ಸಿಂಗ್ ರೇಲಿಂಗ್’. ರೇಲಿಂಗ್ ಇಲ್ಲದ್ದರಿಂದ ಎತ್ತರದಿಂದ ಬಿದ್ದದ್ದು. ‘ಫ್ರಮ್’, ‘ಟು’ ಬಿಟ್ಟು ಎಲ್ಲಕ್ಕೂ ಕ್ಯಾಪಿಟಲ್.

“ಅರೇ ಭಾಯ್, ಫ್ರಮ್ ಮೇ ಚಾರ್ ಲೆಟರ್ ಹೈ. ಕ್ಯಾಪಿಟಲ್ ಆಯೇಗಾ,” ಅಂದರು ದೊಡ್ಡ ಸಾಹೇಬರು. ನಾಲ್ಕಕ್ಷರದ ಪದವಾದರೆ ಕ್ಯಾಪಿಟಲ್ಲೇ ಬರಬೇಕಂತೆ.

ಪ್ರಿಪೊಸಿಷನ್ ಎಷ್ಟೇ ಉದ್ದವಿರಲಿ, ಸ್ಮಾಲೇ ಸರ್ ಅಂದೆ ನಾನು.

ಇಬ್ಬರದ್ದೂ ಸರಿಯೇ. ಕೆಲವು ಪುಸ್ತಕ ಹಾಗೆ ಹೇಳುತ್ತವೆ, ಕೆಲವು ಹೀಗೆ. ಆದರೆ ಬಿಡುವವರು ಯಾರು? ಮೊಬೈಲ್ ತೆಗೆದು ನಿಯಮ ಓದಿದೆ. ಚಹಾ ಬಂತು. ಅರ್ಧ ಗಂಟೆ ಹೋಯಿತು.

“ಚಲೋ, ಆಪ್ ಕಾ ಸ್ಮಾಲ್. ಲೇಕಿನ್ ಟೈಟಲ್ ಬಹುತ್ ಲಂಬಾ ಹೈ,” ಎಂದ ಸಾಹೇಬರು ಪೆನ್ನೆತ್ತಿ ಕೊನೆಯ ನಾಲ್ಕು ಪದ ಹೊಡೆದುಹಾಕಿದರು. ಉಳಿದದ್ದು ‘ಫಾಲ್ ಫ್ರಮ್ ಹೈಟ್’. ತಲೆಬರಹದಲ್ಲಿಲ್ಲದ ರೇಲಿಂಗ್ ಒಳಗೇಕೆ? ಆ ಪ್ಯಾರಾವೂ ಹೋಯಿತು. ಕಾರಣ ಎಂಬಲ್ಲಿ ‘ಕೆಲಸಗಾರನ ಅಜಾಗರೂಕತೆ’ ಬಂದು ಕೂತಿತು.

ನಾನೇನು ಮಾಡಿದೆ? ಎಫ್ ಗೆದ್ದುಕೊಂಡಿದ್ದೆನಲ್ಲ. ಸಹಿ ಹಾಕಿದೆ.

ಭಾನುವಾರ ಸೂರತ್‌ನ ಆಸ್ಪತ್ರೆಗೆ ಹೋದೆ. ಎರಡೂ ಕಾಲಿಗೆ ಪ್ಲಾಸ್ಟರ್. ನನ್ನನ್ನು ನೋಡಿದ್ದೇ ಮಲ್ಲಪ್ಪ ಏಳಲು ನೋಡಿದರು.

“ಸರ, ಆ ಕಡೆ ರೇಲಿಂಗ್ ಇರಲಿಲ್ಲಂತ ಬರದೀರಲ್ರೀ? ನಾ ಕುಡದಿದ್ದೆ ಅಂತ ಗುತ್ತೇದಾರ ಎಲ್ಲಾರ ಮುಂದ ಹೇಳಾಕತ್ಯಾನ. ಊರಾಗ ನಮ್ಮಾಕಿ ಕಿವಿಗೂ ಬಿದ್ದೈತಿ.”

“ಬರೆದಿದ್ದೆ,” ಅಂದೆ. (ಸುಳ್ಳಲ್ಲ. ಅಲ್ಲವೇ?)

“ನಮ್ಮವರು ಅಂತ ಒಬ್ರಿದ್ರ ಎಷ್ಟ ಧೈರ್ಯ ನೋಡ್ರಿ,” ಎಂದು ನನ್ನ ಕೈ ಹಿಡಿದುಕೊಂಡರು. ಬಿಡಿಸಿಕೊಳ್ಳುವುದು ಹೇಗೆಂದು ತಿಳಿಯಲಿಲ್ಲ.

ಸೋಮವಾರ ಸಾಹೇಬರು ನನ್ನ ಇಂಗ್ಲಿಷ್ ಹೊಗಳಿದರು. ಇನ್ನು ಮುಂದೆ ಎಲ್ಲ ಅಪಘಾತದ ವರದಿಗಳನ್ನೂ ನಾನೇ ತಿದ್ದಬೇಕಂತೆ. ಹೊರಗೆ ಬಂದರೆ ಅದೇ ಅಟ್ಟಣಿಗೆಯ ಮೇಲೆ ಬೇರೊಬ್ಬ ಪೇಂಟರ್ ನಿಂತಿದ್ದಾರೆ. ಆ ಬದಿಗೆ ರೇಲಿಂಗ್ ಇನ್ನೂ ಇಲ್ಲ.

ಅವರ ಹೆಸರನ್ನು ಈಗಲೇ ಕೇಳಿಟ್ಟುಕೊಳ್ಳಲೇ?