ಎಡಗೈಯ ತುತ್ತು

ಮೊದಲೇ ಹೇಳಿಬಿಡುತ್ತೇನೆ. ಗಾಳಿ ಸೋಕುವುದು, ಸತ್ತವರು ಬಂದು ಹೋಗುವುದು, ಇಂಥ ಮಾತುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. ಹಾಸ್ಟೆಲಿನ ಹುಡುಗಿಯರು ಹುಣಸೆಮರದ ಕಥೆ ಹೇಳಿ ಕಿರುಚಿದರೆ ನಾನು ಗೋಡೆ ಕಡೆ ತಿರುಗಿ ನಿದ್ದೆ ಮಾಡುತ್ತಿದ್ದೆ. ಆಮೇಲೆ ನರ್ಸಿಂಗ್ ಟ್ರೇನಿಂಗ್ ಬಂತು. ಅಲ್ಲಿ ಕಲಿಸಿದ್ದು ಒಂದೇ: ಕಣ್ಣಿಗೆ ಕಂಡದ್ದನ್ನು ಚಾರ್ಟಿನಲ್ಲಿ ಬರಿ, ಊಹೆಯನ್ನು ಬರೆಯಬೇಡ. ಹಾಗಾಗಿ ಈಗ ಹೇಳುವ ಸಂಗತಿಯನ್ನು ನಾನು ಯಾವ ಚಾರ್ಟಿನಲ್ಲೂ ಬರೆಯಲಿಲ್ಲ. ನನ್ನ ಯಜಮಾನರಿಗೆ ಒಮ್ಮೆ ಹೇಳಿದೆ. "ಅವತ್ತು ನಿನಗೆ ಬಿಸಿಲು ಬಡಿದಿತ್ತು" ಎಂದು ಪೇಪರ್ ಓದುವುದನ್ನು ಮುಂದುವರಿಸಿದರು. ಇರಬಹುದು.

ಅರವತ್ತರ ದಶಕದ ಮೊದಲ ವರ್ಷಗಳು. ಸಿಂಧನೂರಿನ ಸುತ್ತ ಕಾಲುವೆಯ ಕೆಲಸ ಇನ್ನೂ ನಡೆದಿತ್ತು. ಒಂದು ಕಡೆ ನೀರು ಬಂದು ಭತ್ತ ಹಸಿರಾಗಿದ್ದರೆ, ಇನ್ನೊಂದು ಕಡೆ ಜನ ಎರೆಮಣ್ಣು ಅಗೆದು ಬುಟ್ಟಿಯಲ್ಲಿ ಹೊರುತ್ತಿದ್ದರು. ಅವರ ಮಕ್ಕಳಿಗಾಗಿ ಊರ ಹೊರಗೆ ತಗಡಿನ ಸೂರಿನ ಒಂದು ಪುಟ್ಟ ದವಾಖಾನೆ ಇತ್ತು. ಒಂದು ಉದ್ದನೆಯ ಕೋಣೆ, ಆರು ತೊಟ್ಟಿಲ ಮಂಚ. ಡಾಕ್ಟರು ಎರಡು ದಿನಕ್ಕೊಮ್ಮೆ ಜೀಪಿನಲ್ಲಿ ಬರುವರು. ಉಳಿದಂತೆ ನಾನು, ಮತ್ತು ಆಯಾ ಹುಸೇನಬಿ. ನನಗೆ ಇಪ್ಪತ್ತನಾಲ್ಕು ವರ್ಷ. ಸ್ಟಾರ್ಚ್ ಹಾಕಿದ ಕ್ಯಾಪು, ಅದಕ್ಕಿಂತ ಬಿಗಿಯಾದ ನಾನು.

ಮಸ್ಕಿಯ ಕಡೆಯ ಹಳ್ಳಿಯಿಂದ ಗೊರೇಬಾಳದ ಹತ್ತಿರ ಮಣ್ಣು ಕೆಲಸಕ್ಕೆ ಬಂದಿದ್ದ ಒಂದು ಕುಟುಂಬದ ಅಜ್ಜಿ, ಅಮರಮ್ಮ, ತನ್ನ ಮೊಮ್ಮಗಳನ್ನು ಹೊತ್ತುಕೊಂಡು ಬಂದಳು. ಮಗುವಿನ ಹೆಸರು ಹುಲಿಗೆಮ್ಮ, ಒಂದೂವರೆ ವರ್ಷ. ತಾಯಿ ಜ್ವರದಲ್ಲಿ ತೀರಿಕೊಂಡು ಎರಡು ತಿಂಗಳಾಗಿತ್ತು. ಮಗುವಿನ ಕಾಲು ಬಾತಿದ್ದವು, ಕೂದಲು ಮೆಕ್ಕೆಜೋಳದ ಜುಟ್ಟಿನ ಹಾಗೆ ಕೆಂಚಗಾಗಿತ್ತು. ಹಿಂದೆ ಗೋಡೆ ಹಿಡಿದು ನಡೆಯುತ್ತಿದ್ದ ಹುಡುಗಿಗೆ ಈಗ ಕುಳಿತುಕೊಳ್ಳಲೂ ಆಗುತ್ತಿರಲಿಲ್ಲ. ಅಳುತ್ತಲೂ ಇರಲಿಲ್ಲ, ಅದೇ ನನಗೆ ಹೆಚ್ಚಿನ ಭಯ. ನಮ್ಮ ಬಳಿ ಉಲ್ಲನ್ನಿನ ಕೆಂಪು ಚೆಂಡೊಂದಿತ್ತು. ಅದನ್ನು ಮುಖದ ಮುಂದೆ ನಿಧಾನವಾಗಿ ಆಡಿಸಿದರೆ ಎರಡು ತಿಂಗಳ ಕೂಸೂ ಕಣ್ಣು ಹೊರಳಿಸಿ ನೋಡುತ್ತದೆ. ಹುಲಿಗೆಮ್ಮ ನೋಡಲಿಲ್ಲ. ಅವಳ ಕಣ್ಣು ಎಲ್ಲಿಯೂ ನಿಲ್ಲುತ್ತಿರಲಿಲ್ಲ.

ಚಮಚ ತಂದರೆ ತುಟಿ ಬಿಗಿ. ಮೂಗಿನ ಟ್ಯೂಬಿನಿಂದ ಹಾಲು ಕೊಟ್ಟರೆ ವಾಂತಿ. ಎರಡು ಗಂಟೆಗೊಮ್ಮೆ ನಾನು ಪ್ರಯತ್ನಿಸುವುದು, 'ರಿಫ್ಯೂಸ್ಡ್' ಎಂದು ಚಾರ್ಟಿನಲ್ಲಿ ಬರೆಯುವುದು.

"ಅಕ್ಕಾರ, ನೀವು ಹಿಂಗ ಬರಕೋತ ಕುಂತರ ಆ ಕೂಸಿನ ಹೊಟ್ಟಿ ತುಂಬತೈತೇನ್ರೀ?" ಎನ್ನುವಳು ಹುಸೇನಬಿ. "ಆ ಮುದಕೀನ ಒಳಗ ಕರೀರಿ. ಗಿಡದ ಕೆಳಗ ಕುಂತು ಕುಂತು ಗಿಡಾನ ಆಗ್ಯಾಳ."

ನಾನು ಕರೆಯಲಿಲ್ಲ. ವಿಸಿಟರ್ಸ್ ಟೈಮ್ ನಾಲ್ಕರಿಂದ ಐದು. ಊಟದ ಹೊತ್ತಿಗೆ ಮನೆಯವರು ಒಳಗೆ ಬಂದರೆ ಮಕ್ಕಳು ಹಟ ಮಾಡುತ್ತವೆ, ಇನ್‌ಫೆಕ್ಷನ್ ತರುತ್ತಾರೆ, ಹಾಗೆಂದು ನಮಗೆ ಕಲಿಸಿದ್ದರು. ಅಮರಮ್ಮ ಹೊರಗೆ ಬೇವಿನ ಮರದ ಕೆಳಗೇ ದಿನ ಕಳೆಯುತ್ತಿದ್ದಳು. ಒಂಬತ್ತನೆಯ ದಿನ ಡಾಕ್ಟರು ಮಗುವನ್ನು ನೋಡಿ, "ಬಾಯಿಂದ ತಗೊಂಡ್ರೆ ಉಳೀತದೆ. ಇಲ್ಲಾಂದ್ರೆ ಇನ್ನೆರಡು ದಿನ, ಸಿಸ್ಟರ್" ಎಂದು ಜೀಪು ಹತ್ತಿದರು.

ಮರುದಿನ ಮಧ್ಯಾಹ್ನ. ಬಿರುಬೇಸಿಗೆ. ಕಿಟಕಿಗೆ ಕಟ್ಟಿದ ಒದ್ದೆ ಗೋಣಿತಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕೋಣೆಯೊಳಗೆ ಕಾಲುವೆಯ ತಳದಲ್ಲಿದ್ದಂಥ ಹಸಿರು ಮಬ್ಬು. ಹುಸೇನಬಿ ನೀರಿಗೆ ಹೋಗಿದ್ದಳು. ಉಳಿದ ಐದು ಮಕ್ಕಳೂ ನಿದ್ದೆಯಲ್ಲಿದ್ದವು. ಹಾಲು ಬೆರೆಸಿದ ಗಂಜಿಯ ಬಟ್ಟಲು ಹಿಡಿದು ಹುಲಿಗೆಮ್ಮನ ಮಂಚದ ಪಕ್ಕ ಸ್ಟೂಲಿನ ಮೇಲೆ ಕುಳಿತೆ. ಚಮಚ ಎತ್ತಿದೆ. ತುಟಿ ಬಿಗಿಯಿತು.

ಆಗ ಅವಳ ಕಣ್ಣು ಬಾಗಿಲಿಗೆ ಹೋದವು.

ಹೋಗಿ ಅಲ್ಲಿ ನಿಂತವು. ಆಮೇಲೆ ಗೋಡೆಯ ಗುಂಟ ನಿಧಾನವಾಗಿ ಸರಿದವು. ಮೂಲೆಯಲ್ಲಿದ್ದ ನೀರಿನ ಕೊಡದ ಹತ್ತಿರ ಸ್ವಲ್ಪ ಹೊತ್ತು ತಡೆದವು, ದುಡಿದು ಬಂದ ಹೆಂಗಸೊಬ್ಬಳು ಕೈ ತೊಳೆಯಲು ನಿಲ್ಲುವಷ್ಟು ಹೊತ್ತು. ಮತ್ತೆ ಹೊರಟು ಒಂದೊಂದೇ ಮಂಚ ದಾಟಿ ನಮ್ಮತ್ತ ಬಂದವು. ನಾನು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಹತ್ತು ದಿನ ಯಾವುದನ್ನೂ ಹಿಂಬಾಲಿಸದ ಆ ಕಣ್ಣು ನನ್ನ ಎಡ ಭುಜದ ಮೇಲೆ, ಒಬ್ಬರ ಮುಖ ಇರಬಹುದಾದ ಎತ್ತರದಲ್ಲಿ, ಗಟ್ಟಿಯಾಗಿ ನಿಂತವು. ನಗಬೇಡಿ, ನನಗೆ ಮೊದಲು ಹೊಳೆದದ್ದು ಟೆಕ್ಸ್ಟ್‌ಬುಕ್ಕಿನ ಮಾತು: ಫಿಕ್ಸಿಂಗ್ ಅಂಡ್ ಫಾಲೋಯಿಂಗ್, ಪ್ರೆಸೆಂಟ್, ಅಂದರೆ ಕೂಸು ದೃಷ್ಟಿ ನೆಟ್ಟು ಹಿಂಬಾಲಿಸುತ್ತಿದೆ ಎಂದು. ಹುಲಿಗೆಮ್ಮ ಗದ್ದ ಎತ್ತಿ ಬಾಯಿ ತೆರೆದಳು.

ಅಲ್ಲಿಂದ ಸ್ವಲ್ಪ ಹೊತ್ತು ನನ್ನ ನೆನಪಿನಲ್ಲಿಲ್ಲ. ಬಸ್ಸಿನಲ್ಲಿ ತೂಕಡಿಸುವಾಗ ನಡುವಿನ ಒಂದು ಸ್ಟಾಪು ತಪ್ಪಿಹೋಗುತ್ತದಲ್ಲ, ಹಾಗೆ. ಹೆದರಿಕೆ ಇರಲಿಲ್ಲ. ಯಾರೋ ನನ್ನ ಪಕ್ಕ ತುಂಬಾ ಹತ್ತಿರ ಕುಳಿತಂತೆ ಒಂದು ಸಮಾಧಾನ ಮಾತ್ರ ನೆನಪಿದೆ.

ಗೋಣಿತಟ್ಟು ಸರಿದು ಬೆಳಕು ಮುಖಕ್ಕೆ ಬಿದ್ದಾಗ ಎಚ್ಚೆತ್ತೆ. ಬಟ್ಟಲು ಬಲಗೈಯಲ್ಲಿತ್ತು, ಮುಕ್ಕಾಲು ಖಾಲಿ. ಚಮಚ ಹಾಸಿಗೆಯ ಮೇಲೆ ಬಿದ್ದಿತ್ತು. ನನ್ನ ಎಡಗೈಯ ಬೆರಳೆಲ್ಲ ಗಂಜಿ. ನಾನು ಎಡಗೈಯಿಂದ, ಬೆರಳ ತುದಿಯಲ್ಲಿ ಗಂಜಿ ತೆಗೆದು ಹೆಬ್ಬೆರಳಿನಿಂದ ಬಾಯಿಗೆ ದೂಡುತ್ತ, ಇಲ್ಲಿಯ ತಾಯಂದಿರು ಉಣಿಸುವ ಹಾಗೆ ಉಣಿಸುತ್ತಿದ್ದೆ! ಬ್ಯಾಂಡೇಜಿನ ಗಂಟು ಹಾಕಲೂ ಬಾರದ ಎಡಗೈ ನನ್ನದು. ಅದನ್ನು ತೊಳೆದೂ ಇರಲಿಲ್ಲ.

ಕಿಟಕಿಯ ಆಚೆ ಅಮರಮ್ಮ ನಿಂತಿದ್ದಳು. ವಿಸಿಟರ್ಸ್ ಟೈಮಿಗೆ ಇನ್ನೂ ಕಾಲು ಗಂಟೆಯಿತ್ತು.

"ಯಾರು ಹೇಳಿದರಬೇ ಯವ್ವಾ ನಿನಗ?" ಅಂದಳು.

"ಏನನ್ನ?"

"ಎಡಗೈಲೆ ಉಣಸಬೇಕಂತ." ನಾನು ತಡೆಯುವ ಮೊದಲೇ ಒಳಗೆ ಬಂದು ಮಂಚದ ಕಾಲ ಬಳಿ ಕುಸಿದು ಕುಳಿತಳು. "ನನ್ನ ಸೊಸಿ ಎಡಚಿ. ಎಡಗೈಲೇ ಕೂಸಿಗೆ ತುತ್ತು ಮಾಡಿ ಇಡ್ತಿದ್ಲು. ಮನೀಗೆ ದರಿದ್ರ ಬರತೈತಲೇ, ನೀ ಉಣಸಬ್ಯಾಡ ಅಂತ ನಾನ ಆಕೀ ಕೈಯಾಗಿನ ತಾಟು ಕಸಗೊಂಡೆ. ನಾ ಉಣಸಿದರ ಈಕಿ ಉಣ್ಣಂಗಿಲ್ಲ. ಆಕಿ ಕಳ್ಳತನದಾಗ, ನಾ ನೀರಿಗೆ ಹೋದಾಗ ಉಣಸ್ತಿದ್ಲು. ನನಗ ಗೊತ್ತಿತ್ತು, ಸುಮ್ಮನಿದ್ದೆ. ಆಕಿ ಹೋದಮ್ಯಾಲೆ ಬರಬರತಾ ಬಾಯಿ ಮುಚ್ಚಿದಾಕಿ, ಇವತ್ತ ತೆರದಾಳ ನೋಡು."

ಇದೆಲ್ಲ ನನಗೆ ಯಾರೂ ಹೇಳಿರಲಿಲ್ಲ. ಸೇರಿಸಿಕೊಳ್ಳುವಾಗ ನಾನು ಕೇಳಿದ್ದು ಮಗುವಿನ ವಯಸ್ಸು, ಭೇದಿ ಎಷ್ಟು ಸಲ, ತಾಯಿ ಇದ್ದಾಳೋ ಇಲ್ಲವೋ, ಅಷ್ಟೇ.

ಆರು ಗಂಟೆಗೆ ಮತ್ತೆ ಗಂಜಿ ತಂದೆ. ಕೈ ಸೋಪು ಹಾಕಿ ತೊಳೆದು, ಈ ಸಲ ಬೇಕೆಂದೇ ಎಡಗೈ ಮುಂದೆ ಮಾಡಿದೆ. ಗಂಜಿ ಕೆನ್ನೆಗೆ ಮೆತ್ತಿತು, ಮಗು ತುಟಿ ಬಿಗಿಯಿತು. ಬಲಗೈಗೂ ಅದೇ. ಡಾಕ್ಟರು ಹೇಳಿದ ಎರಡು ದಿನದಲ್ಲಿ ಒಂದು ಮುಗಿಯುತ್ತ ಬಂದಿತ್ತು. ಆಗ ನಾನೇ ಹೊರಗೆ ಹೋಗಿ ಅಮರಮ್ಮನನ್ನು ಕರೆತಂದು ಬಟ್ಟಲು ಕೊಟ್ಟೆ. ನನ್ನ ಸರ್ವಿಸಿನಲ್ಲಿ ನಾನಾಗಿ ಮುರಿದ ಮೊದಲ ರೂಲು ಅದು.

"ಯಾವ ಕೈಲೆ?" ಎಂದು ಕೇಳಿದಳು.

ಅವಳು ತನ್ನ ಎಡಗೈಯನ್ನು, ಬೇರೆ ಯಾರದೋ ವಸ್ತು ಎಂಬಂತೆ, ತಿರುಗಿಸಿ ನೋಡಿಕೊಂಡಳು. ಎದ್ದು ಕೊಡದ ಹತ್ತಿರ ಹೋಗಿ ತೊಳೆದುಕೊಂಡು ಬಂದಳು. ಅರವತ್ತು ದಾಟಿದ ಹೆಂಗಸು ಎಡಗೈಯಿಂದ ತುತ್ತು ಮಾಡಲು ಹೆಣಗಿದಳು, ಅರ್ಧ ಅವಳ ಮಡಿಲಿಗೇ ಬಿತ್ತು. ಹುಲಿಗೆಮ್ಮ ಅಜ್ಜಿಯ ಭುಜದ ಮೇಲಿನ ಖಾಲಿ ಜಾಗವನ್ನು ನೋಡಿದಳು. ನೋಡುತ್ತ ಬಾಯಿ ತೆರೆದಳು.

ನಾನು ಆ ಖಾಲಿ ಜಾಗದ ಕಡೆಯೇ ನಿಂತಿದ್ದೆ. ಹಿಂದಿನಿಂದ ಹುಸೇನಬಿ ನನ್ನ ಸೆರಗು ಜಗ್ಗಿ, "ಅತ್ತಿ ಸೊಸಿ ಕೂಡಿ ಉಣಸಾಕತ್ತಾರ, ನಡುವ ನೀವ್ಯಾಕ್ರೀ ಅಕ್ಕಾರ? ಸರೀರಿ ಅತ್ಲಾಗ" ಎಂದಳು. ಅವಳ ಮಾತಿಗೆ ನಗುವವಳು ನಾನು. ಅವತ್ತು ಸರಿದು ನಿಂತೆ.

ಹೀಗೆ ಎರಡು ವಾರ. ಬಾವು ಇಳಿಯಿತು. ಹುಡುಗಿ ಕುಳಿತಳು, ಕಂಬಿ ಹಿಡಿದು ನಿಂತಳು. ಉಣ್ಣುವಾಗ ಮಾತ್ರ ಕಣ್ಣು ಅಲ್ಲಿಯೇ. ಒಂದು ಬೆಳಿಗ್ಗೆ ಅಮರಮ್ಮ ತುತ್ತು ಎತ್ತಿದಾಗ ಹುಲಿಗೆಮ್ಮ ಖಾಲಿ ಜಾಗದತ್ತ ನೋಡಲಿಲ್ಲ. ಅಜ್ಜಿಯ ಮುಖವನ್ನೇ ನೋಡಿ, ಬಾಯಿತುಂಬ ಗಂಜಿ ಇಟ್ಟುಕೊಂಡು ನಕ್ಕಳು. 'ಸೋಷಿಯಲ್ ಸ್ಮೈಲ್' ಎಂದು ಚಾರ್ಟಿನಲ್ಲಿ ಬರೆದೆ. ಅಲ್ಲಿಂದ ಮುಂದೆ ಅವಳು ಒಮ್ಮೆಯೂ ಆ ಕಡೆ ನೋಡಲಿಲ್ಲ. ವಾರ್ಡು ಇದ್ದಕ್ಕಿದ್ದಂತೆ ದೊಡ್ಡದಾಗಿ ಕಂಡಿತು, ಯಾರೋ ನೆಂಟರು ಹೊರಟುಹೋದ ಮನೆಯ ಹಾಗೆ. ಬಂದದ್ದನ್ನೇ ಕಾಣದ ನನಗೆ ಹೋದದ್ದು ಹೇಗೆ ತಿಳಿಯಬೇಕು? ಆದರೆ ಹಾಗನ್ನಿಸಿತು.

ಬಿಸಿಲು, ನಿದ್ದೆಗೆಟ್ಟ ಮೈ, ಚೇತರಿಸಿಕೊಳ್ಳುವ ಮಗುವಿನ ಅಲೆಯುವ ದೃಷ್ಟಿ, ಎಲ್ಲವನ್ನೂ ಸೇರಿಸಿ ನೋಡಿದ್ದೇನೆ. ಆ ಕೈಯ ವಿಷಯ ಯಾವುದಕ್ಕೂ ಹೊಂದುವುದಿಲ್ಲ.

ಡಿಸ್‌ಚಾರ್ಜಿನ ದಿನ ಅಮರಮ್ಮ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ಬಂದಳು. ಹುಸೇನಬಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದಳು.

"ಯವ್ವಾ, ಆಕೀಗೆ ನನ್ನ ಮ್ಯಾಲೆ ಸಿಟ್ಟಿತ್ತೇನು?"

ನಾನು ಆ ಹೆಣ್ಣುಮಗಳನ್ನು ಕಂಡವಳಲ್ಲ. ಹೆಸರನ್ನೂ ಕೇಳಿರಲಿಲ್ಲ. "ಇಲ್ಲಮ್ಮ, ಇರಲಿಲ್ಲ" ಎಂದೆ, ಒಂದು ಕ್ಷಣವೂ ಯೋಚಿಸದೆ. ಸಮಾಧಾನಕ್ಕೆಂದು ಹೇಳಿದ ಮಾತಲ್ಲ ಅದು. ನನಗೆ ಗೊತ್ತಿತ್ತು. ಹೇಗೆ ಗೊತ್ತಿತ್ತು ಎಂದು ನೀವು ಕೇಳಿದರೆ, ಇವತ್ತಿಗೂ ಹೇಳಲಾರೆ.