ಪ್ರಾಗ್‌ನಲ್ಲಿ ಕುಶಾಲಪ್ಪ

ಆಲೆಟ್ಟಿಯ ನನ್ನ ಗೆಳೆಯ ಕುಶಾಲಪ್ಪನೊಡನೆ ಪ್ರಾಗ್ ನಗರ ನೋಡಲು ಹೊರಟವರು ಅರ್ಧ ದಿನದಲ್ಲಿ ಒಂದು ಸೇತುವೆ ದಾಟಿದರೆ ದೊಡ್ಡದು. ಎಲ್ಲರೂ ಫೋಟೋ ತೆಗೆಯುವಲ್ಲಿ ಅವನು ಕಂಬ ಮುಟ್ಟುತ್ತಾನೆ, ಗೋಡೆ ಸವರುತ್ತಾನೆ, ಬೇಕರಿಯ ಬಾಗಿಲಲ್ಲಿ ನಿಂತು ಮೂಸುತ್ತಾನೆ, ಗೋಪುರದ ಮೆಟ್ಟಿಲುಗಳನ್ನು ಗಟ್ಟಿಯಾಗಿ ಎಣಿಸುತ್ತಾನೆ. "ಬಾ ಮಾರಾಯ, ಹೊತ್ತಾಯ್ತು" ಎಂದು ನಾನು ಕರೆದರೆ, "ತಡಿ, ಈ ಕಲ್ಲು ಎಂತ ನುಣುಪು ಉಂಟು!" ಎನ್ನುತ್ತಾನೆ. ಚರ್ಚಿನ ಕಾವಲುಗಾರ ಎರಡು ಸಲ ಗದರಿದಾಗ ನನಗೇ ನಾಚಿಕೆಯಾಯಿತು. ಸಂಜೆ ನದಿಯ ದಂಡೆಯಲ್ಲಿ ಕೂತು ಅವನು ಮನೆಗೆ ಫೋನ್ ಮಾಡಿ, ಮುಟ್ಟಿದ್ದು, ಮೂಸಿದ್ದನ್ನೆಲ್ಲ ಒಂದೊಂದಾಗಿ ಹೇಳತೊಡಗಿದ. ಆ ಕಡೆ ಅವನ ಹೆಂಡತಿ ಪ್ರೇಮಾವತಿ. ಒಟ್ಟಿಗೆ ಬರಬೇಕೆಂದು ಇಬ್ಬರೂ ಪಾಸ್‌ಪೋರ್ಟ್ ಮಾಡಿಸಿದ ವರ್ಷವೇ ದೃಷ್ಟಿ ಕಳೆದುಕೊಂಡವಳು. ಗೋಪುರದ ತುದಿಯವರೆಗೂ ಕೇಳಿಸಿಕೊಂಡು ಅವಳೆಂದಳು: "ಇವತ್ತಿಗೆ ಸಾಕು, ನಂಗೆ ಕಾಲು ನೋಯ್ತದೆ. ಉಳಿದದ್ದು ನಾಳೆ ನೋಡುವ."