ಕಾಟಾ ಮಾವ ಸೊನ್ನೆ ಬರೆಯಲಿಲ್ಲ

ಮೊನ್ನೆ ಅಡುಗೆಮನೆಗೆ ಒಂದು ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ತಂದೆ. ಕೇಕು ಮಾಡುವ ಹುಮ್ಮಸ್ಸು. ಅದರ ಆಯುಷ್ಯ ಎರಡು ದಿನ ಎಂದು ನನ್ನನ್ನು ಬಲ್ಲವರಿಗೆಲ್ಲ ಗೊತ್ತು. ಚಹಾಕ್ಕೆಂದು ತೆಗೆದ ಏಲಕ್ಕಿಯೊಂದನ್ನು ಸುಮ್ಮನೆ ಅದರ ಮೇಲಿಟ್ಟೆ. ಸೊನ್ನೆ ತೋರಿಸಿತು. ಎತ್ತಿ ಮತ್ತೆ ಇಟ್ಟೆ, ಮತ್ತೆ ಸೊನ್ನೆ. ಬೆರಳು ಮೂಸಿದರೆ ಏಲಕ್ಕಿ ಘಮಘಮಿಸುತ್ತಿದೆ, ತಕ್ಕಡಿ ಮಾತ್ರ ಏನೂ ಇಲ್ಲವೆಂದು ಹಟ ಹಿಡಿದಿದೆ. ನನಗೆ ಕಾಟಾ ಮಾವ ನೆನಪಾದ.

ಕಾಟಾ ಮಾವ ನನ್ನ ತಾಯಿಯ ತಮ್ಮ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ ಅದಿರಿನ ಲಾರಿಗಳನ್ನು ತೂಗುವ ಕಾಟಾ ಇತ್ತು, ಅದನ್ನು ನೋಡಿಕೊಳ್ಳುತ್ತಿದ್ದವನು ಅವನು. ನೆಲಕ್ಕೆ ಸಮನಾಗಿ ಹಾಸಿದ ಕಬ್ಬಿಣದ ಹಲಗೆ, ಪಕ್ಕದಲ್ಲೊಂದು ಕೋಣೆ, ಒಳಗೆ ಕೆಂಪು ಅಂಕಿಗಳು ಹೊಳೆಯುವ ಪೆಟ್ಟಿಗೆ, ಅದರ ಮೇಲೆ ಅಂಗೈಯಗಲದ ಒಬ್ಬ ಬುದ್ಧ. ಬೆಳಿಗ್ಗೆ ಬಂದ ಕೂಡಲೇ ಮಾವ ಬುದ್ಧನ ದೂಳು ಒರೆಸುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಬುದ್ಧನೂ ಮಾವನೂ ಮಾವನ ಬಿಳಿ ಅಂಗಿಯೂ ಒಂದೇ ಕೆಂಪು.

ಲಾರಿಯನ್ನು ಖಾಲಿ ಇದ್ದಾಗ ಒಮ್ಮೆ, ಅದಿರು ತುಂಬಿದ ಮೇಲೆ ಒಮ್ಮೆ ತೂಗಬೇಕು. ಎರಡರ ಅಂತರವೇ ಅದಿರಿನ ತೂಕ. ಖಾಲಿ ತೂಗುವಾಗ ಡ್ರೈವರ್ ಒಳಗಿದ್ದರೆ ತುಂಬಿದಾಗಲೂ ಒಳಗೇ ಇರಬೇಕೆಂಬುದು ಮಾವನ ಕಟ್ಟುನಿಟ್ಟು. ಒಬ್ಬ ಡ್ರೈವರ್ ಬೇಸತ್ತು, "ನನ್ನ ತೂಕ ಎಷ್ಟೈತಿ ಅಂತ ಒಮ್ಮೆ ಹೇಳಿಬಿಡ್ರಿ, ಲೆಕ್ಕದಾಗ ಕಳೀರಿ" ಎಂದ. "ಅದು ನನಗ ಯಾವತ್ತೂ ಗೊತ್ತಾಗಂಗಿಲ್ರಿ. ಎರಡೂ ಸಲ ಕುಂದ್ರಿ, ಸಾಕು" ಎಂದ ಮಾವ.

ಆರು ವರ್ಷದವಳಿದ್ದಾಗ ನಾನೂ ಆ ಹಲಗೆಯ ಮೇಲೆ ನಿಂತೆ. ಡ್ರೈವರುಗಳಿಗೆ ಕೊಡುವಂಥ ಚೀಟಿ ನನಗೂ ಬೇಕಿತ್ತು. ಕಿಟಕಿಯಲ್ಲಿ ನೋಡಿದರೆ ಪೆಟ್ಟಿಗೆಯಲ್ಲಿ ಸೊನ್ನೆ. ನಾನು ಭೋರೆಂದು ಅತ್ತೆ.

"ಅಳಬ್ಯಾಡ ಯವ್ವಾ. ಈ ಕಾಟಾ ಐವತ್ತು ಕಿಲೋಕ್ಕೊಂದು ಹೆಜ್ಜಿ ಇಡತೈತಿ. ನೀ ಭಾಳ ಸಣ್ಣಾಕಿ, ನೀ ನಿಂತಿದ್ದು ಅದಕ್ಕ ಗೊತ್ತಾಗಿಲ್ಲ."

ಚೀಟಿ ಕೊಟ್ಟ. ಹೆಸರು ದುಂಡಗೆ ಬರೆದಿತ್ತು, ತೂಕದ ಜಾಗ ಖಾಲಿ. ಸೊನ್ನೆಯನ್ನಾದರೂ ಯಾಕೆ ಬರೆಯಲಿಲ್ಲವೆಂದು ಮತ್ತೊಂದು ಸುತ್ತು ಅತ್ತೆ.

"ಸೊನ್ನಿ ಅಂದ್ರ, ತೂಗೀನಿ, ಏನೂ ಇಲ್ಲ ಅಂತ. ಖಾಲಿ ಅಂದ್ರ, ತೂಗಾಕ ನನ್ನ ಕೈಲಿ ಆಗಿಲ್ಲ ಅಂತ. ಎರಡೂ ಒಂದ ಅಲ್ಲ" ಎಂದ ಮಾವ, ನನ್ನ ಮೂಗು ಒರೆಸುತ್ತ.

ಅವನು ಓದಿದ್ದು ಏಳನೆಯ ಇಯತ್ತೆ. ಆದರೆ ಮನೆಗೆ ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ "ಇವತ್ತು ಏನು ಕಲ್ತಿ?" ಎಂದು ಕೇಳುತ್ತಿದ್ದ. ನಾನು ಹೇಳಬೇಕು, ಅವನು ಕೇಳಬೇಕು. ಮಗ್ಗಿಯಿಂದ ಹಿಡಿದು ಬೆಳಕಿನ ವೇಗದವರೆಗೆ ಎಲ್ಲ ಪಾಠವನ್ನೂ ನಾನು ಎರಡು ಸಲ ಕಲಿತದ್ದು ಹಾಗೆ.

ಬಿ.ಎಸ್ಸಿ. ಓದುವಾಗ ಒಂದು ಯುಗಾದಿಗೆ ಗೆಳತಿಯರು ಊಟಕ್ಕೆ ಬಂದಿದ್ದರು. ಮಾವ ಎಂದಿನಂತೆ ಕೇಳಿದ. ನಾನು ಗತ್ತಿನಿಂದ, "ನ್ಯೂಟ್ರಿನೊ ಅಂತ ಒಂದು ಕಣ ಐತಿ ಮಾವ. ನಾವು ಹೋಳಿಗಿ ತಿನ್ನೂದ್ರಾಗ ಕೋಟಿಗಟ್ಟಲೆ ನಮ್ಮ ಮೈಯಾಗ ಹಾದು ಹೋಗತಾವ. ಅದಕ್ಕ ತೂಕನ ಇಲ್ಲ, ಸೊನ್ನಿ" ಎಂದೆ.

ಮಾವ ಹೋಳಿಗೆ ಮುರಿಯುವುದನ್ನು ನಿಲ್ಲಿಸಿದ. "ಯಾವ ಕಾಟಾದಾಗ ತೂಗ್ಯಾರ?"

ಗೆಳತಿಯರು ಕಿಸಕ್ಕೆಂದರು. ನನಗೆ ಮುಖ ಬಿಸಿಯಾಯಿತು. "ಮಾವಾ, ಇದು ಅದಿರಿನ ಲಾರಿ ಅಲ್ಲ. ನಿನಗ ತಿಳಿಯಂಗಿಲ್ಲ, ಸುಮ್ನಿರು" ಎಂದುಬಿಟ್ಟೆ.

ಅವನು ಮತ್ತೆ ಹೋಳಿಗೆ ಮುರಿದ. ಸಿಟ್ಟಾಗಲಿಲ್ಲ, ಊಟ ಬಿಟ್ಟು ಏಳಲೂ ಇಲ್ಲ. ಆಮೇಲೂ ಮನೆಗೆ ಬರುತ್ತಿದ್ದ, ಆರೋಗ್ಯ ಕೇಳುತ್ತಿದ್ದ, ಬಾಳೆಗೊನೆ ತರುತ್ತಿದ್ದ. "ಏನು ಕಲ್ತಿ" ಎಂದು ಮಾತ್ರ ಮತ್ತೆಂದೂ ಕೇಳಲಿಲ್ಲ.

ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ನಿಮಗೆ ಹೇಳುತ್ತೇನೆ. ಕೆಲವೇ ವರ್ಷಗಳಲ್ಲಿ ನ್ಯೂಟ್ರಿನೊಗೆ ತೂಕವಿದೆ ಎಂದು ತಿಳಿಯಿತು. ಅದರಲ್ಲಿ ಮೂರು ಬಗೆ. ದಾರಿಯಲ್ಲಿ ಹೋಗುತ್ತ ಹೋಗುತ್ತ ಒಂದು ಬಗೆ ಇನ್ನೊಂದಾಗುತ್ತದೆ, ತೂಕವೇ ಇಲ್ಲದಿದ್ದರೆ ಹಾಗೆ ಆಗಲಾರದು. ನಾನು ಆ ತೂಕ ಎಲ್ಲಿಂದ ಬಂತು ಎಂಬುದರ ಮೇಲೆಯೇ ಪ್ರಬಂಧ ಬರೆದು ಡಾಕ್ಟರ್ ಎನಿಸಿಕೊಂಡೆ, ಹೊಸಪೇಟೆಯ ಕಾಲೇಜಿನಲ್ಲಿ ಪಾಠ ಹೇಳತೊಡಗಿದೆ. ಮಾವನಿಗೆ ಮಾತ್ರ ಹೇಳಲಿಲ್ಲ. ಮೊದಲು ನಾಚಿಕೆ, ಆಮೇಲೆ ನಾಳೆ ಹೇಳಿದರಾಯಿತೆಂಬ ಸೋಮಾರಿತನ.

ಏಲಕ್ಕಿಯ ಮರುದಿನ ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡು ಕಮಲಾಪುರದ ಬಸ್ಸು ಹತ್ತಿದೆ. ಮಾವ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾನೆ. ಬಾಳೆತೋಟಕ್ಕೆ ನೀರು ಬಿಟ್ಟು ಬಂದು ಕಾಲು ತೊಳೆಯುತ್ತಿದ್ದ. ತಕ್ಕಡಿಯನ್ನು ಕಟ್ಟೆಯ ಮೇಲಿಟ್ಟು ಏಲಕ್ಕಿ ಹಾಕಿದೆ.

"ಸೊನ್ನಿ ಬಂತು" ಎಂದ.

"ಮಾವಾ, ಅವತ್ತು ಯುಗಾದಿ ದಿವ್ಸ ನೀ ಕೇಳಿದ್ದು ಖರೇ ಇತ್ತು. ಆ ಕಣಕ್ಕ ತೂಕ ಐತಿ. ನಾ ಸುಮ್ನಿರು ಅಂದಿದ್ದು ತಪ್ಪಾತು."

ಮಾವ ಟವೆಲಿನಿಂದ ಕೈ ಒರೆಸಿಕೊಂಡ. "ಎಷ್ಟೈತಿ?"

"ಗೊತ್ತಿಲ್ಲ. ಅದರಾಗ ಮೂರು ಬಗಿ, ಅವುಗಳ ನಡುವಿನ ಅಂತರ ಅಷ್ಟ ಗೊತ್ತಾಗೇತಿ. ನಿನ್ನ ಡ್ರೈವರ್ ತೂಕ ಇದ್ದಂಗ."

"ಎಲ್ಲಿಂದ ಬಂತಂತ?"

"ಅದೂ ಗೊತ್ತಿಲ್ಲ. ಅದಕ್ಕೊಂದು ಭಾಳ ವಜ್ಜೆ ಜೋಡಿ ಕಣ ಇರಬೇಕು ಅಂತೀವಿ. ಆ ಜೋಡಿ ಎಷ್ಟು ವಜ್ಜೆನೋ ಇದು ಅಷ್ಟು ಹಗುರ. ಅದನ್ನ ಯಾರೂ ಕಂಡಿಲ್ಲ."

"ಕಂಡಿಲ್ಲ ಅಂದ್ರ ಖಾಲಿ ಬಿಟ್ಟೀರಿಲ್ಲೋ?"

"ಖಾಲಿ ಬಿಟ್ಟೀವಿ ಮಾವ."

ಅವನ ಮುಖ ಅರಳಿತು. ಏಲಕ್ಕಿ ಎತ್ತಿಕೊಂಡು ಒಳಗೆ ಹೋಗಿ, ಮಗಳು ಕುದಿಸುತ್ತಿದ್ದ ಚಹಾಕ್ಕೆ ಜಜ್ಜಿ ಹಾಕಿಸಿದ. ಲೋಟ ತಂದು ಕೊಟ್ಟು, ಒಂದು ಗುಟುಕು ಕುಡಿದು, "ಕಾಟಾಕ್ಕ ತಿಳೀಲಿಲ್ಲ, ನಾಲಿಗ್ಗೆ ತಿಳೀತು ನೋಡು" ಎಂದ.

ಆಮೇಲೆ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಸರಿದು ಕೂತ. "ಹೂಂ, ಹೇಳು. ಮತ್ತೇನು ಕಲ್ತಿ?"

ದಿನಕ್ಕೆ ನಾಲ್ಕು ತಾಸು ಪಾಠ ಹೇಳುವ ನಾನು ಐದನೆಯ ತಾಸು ಶುರು ಮಾಡಿದೆ. ಲೋಟದ ಚಹಾ ಆರಿತು, ಮಾವ ಕೇಳುತ್ತಲೇ ಇದ್ದ.